ಗಿಟ್‌ಹಬ್‌ನ ಕೋಡ್‌ಓನರ್ಸ್: ಯಾವ ಕೋಡ್ ಯಾರ ಜವಾಬ್ದಾರಿ?

ಪ್ರಾಜೆಕ್ಟ್ ಶುರುವಾದಾಗ ಎಲ್ಲ ತಂಡದಲ್ಲೂ ಕೆಲಸ ಹಂಚುತ್ತಾರೆ. ಪೇಮೆಂಟ್ ಇವರದು, ಡೇಟಾಬೇಸ್ ಅವರದು ಅಂತ ಒಂದು ಶೀಟ್‌ನಲ್ಲಿ ಬರೆದಿಡುತ್ತಾರೆ. ಆಮೇಲೆ ಆ ಶೀಟ್ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ತಂಡಗಳು ಕೋಡ್ ಇಟ್ಟು ಒಟ್ಟಿಗೆ ಕೆಲಸ ಮಾಡುವ ತಾಣ ಗಿಟ್‌ಹಬ್‌ನಲ್ಲಿ 2017ರಿಂದ ಇರುವ ಕೋಡ್‌ಓನರ್ಸ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಯಾರ ಜವಾಬ್ದಾರಿ ಏನು ಅನ್ನೋದು ಕೋಡ್ ಜೊತೆಗೇ ಇರುತ್ತದೆ.

ಇದು ಒಂದು ಸಾದಾ ಫೈಲ್, ಅಷ್ಟೇ. ಪ್ರತಿ ಸಾಲಿನಲ್ಲಿ ಮೊದಲು ಫೋಲ್ಡರ್ ಹೆಸರು, ಪಕ್ಕದಲ್ಲಿ @ ಹಾಕಿ ಅದನ್ನು ನೋಡಿಕೊಳ್ಳುವವರ ಹೆಸರು. ಆ ಫೋಲ್ಡರ್‌ನಲ್ಲಿ ಏನಾದರೂ ತಿದ್ದಿ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ತೆರೆದರೆ ಸಾಕು, ರಿವ್ಯೂ ಮಾಡಿ ಅಂತ ಅವರಿಗೆ ತಾನಾಗಿಯೇ ಹೋಗುತ್ತದೆ (ಡ್ರಾಫ್ಟ್ ಆಗಿದ್ದರೆ ಮಾತ್ರ ಹೋಗುವುದಿಲ್ಲ). ಹೊಸದಾಗಿ ಸೇರಿದವರು ಇದನ್ನ ಯಾರಿಗೆ ತೋರಿಸಬೇಕು ಅಂತ ಎಲ್ಲರನ್ನೂ ಕೇಳುತ್ತಾ ಕೂರಬೇಕಿಲ್ಲ. ಮುಖ್ಯ ಕೋಡ್‌ಗೆ ಏನು ಸೇರಬಹುದು ಅಂತ ನಿಯಮ ಹಾಕುವ ಬ್ರಾಂಚ್ ಪ್ರೊಟೆಕ್ಷನ್‌ನಲ್ಲಿ ಕೋಡ್ ಓನರ್ ಒಪ್ಪಿಗೆ ಕಡ್ಡಾಯ ಅನ್ನೋ ಆಯ್ಕೆಯನ್ನೂ ಆನ್ ಮಾಡಿ. ಇಲ್ಲದಿದ್ದರೆ ಅವರು ನೋಡದೇ ಇದ್ದರೂ ಬದಲಾವಣೆ ಮುಖ್ಯ ಕೋಡ್‌ಗೆ ಮರ್ಜ್ ಆಗಬಹುದು, ಅಂದರೆ ಸೇರಿಬಿಡಬಹುದು.

ಸಾಲುಗಳ ಕ್ರಮದ ಬಗ್ಗೆ ತುಂಬ ಹುಷಾರಾಗಿರಬೇಕು. ಒಂದು ಫೈಲ್‌ಗೆ ಎರಡು ಸಾಲು ಅನ್ವಯವಾದರೆ ಕೊನೆಯದೇ ಲೆಕ್ಕ. ಪೇಮೆಂಟ್ ಫೋಲ್ಡರ್‌ನ ಸಾಲು ಮೇಲಿದ್ದು, ಕೆಳಗೆ * (ಅಂದರೆ ಎಲ್ಲ ಫೈಲ್‌ಗಳೂ) ಹಾಕಿ ಟೀಮ್ ಲೀಡ್ ಹೆಸರು ಬರೆದರೆ, ಪೇಮೆಂಟ್‌ನವರು ಪಟ್ಟಿಯಲ್ಲಿದ್ದೂ ಇಲ್ಲದಂತೆ, ಎಲ್ಲ ರಿವ್ಯೂ ಲೀಡ್ ತಲೆಗೇ ಬರುತ್ತದೆ. ಹಾಗಾಗಿ * ಇರುವ ಸಾಲು ಯಾವಾಗಲೂ ಮೇಲಿರಲಿ.

ನನ್ನ ತಕರಾರು ಒಂದೇ. ಒಂದು ಸಾಲಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಒಪ್ಪಬೇಕು ಅಂತೇನಿಲ್ಲ, ಒಬ್ಬರು ಒಪ್ಪಿದರೂ ನಡೆಯುತ್ತದೆ. ಡೆವಲಪರ್ ಜೊತೆ ಸೆಕ್ಯೂರಿಟಿಯವರೂ ನೋಡಲೇಬೇಕಾದ ಕಡೆ ಈ ಫೈಲ್ ಒಂದೇ ಸಾಲದು.

ವ್ಯಕ್ತಿಗಳ ಹೆಸರಿಗಿಂತ ಟೀಮ್ ಹೆಸರು ಹಾಕುವುದು ಒಳ್ಳೆಯದು ಅಂತ ನಾನು ಒತ್ತಿ ಹೇಳುತ್ತೇನೆ. ಒಬ್ಬರದೇ ಹೆಸರಿದ್ದರೆ ಅವರು ರಜೆ ಹಾಕಿದ ದಿನ ಕೆಲಸ ನಿಲ್ಲುತ್ತದೆ, ಇದ್ದ ದಿನ ಅವರಿಗೆ ಉಸಿರಾಡೋಕೂ ಪುರುಸೊತ್ತು ಇರುವುದಿಲ್ಲ. ಟೀಮ್ ಹಾಕಿದರೆ ರೌಂಡ್ ರಾಬಿನ್ ಆಯ್ಕೆಯಲ್ಲಿ ಸರದಿ ಪ್ರಕಾರ ಹಂಚಿಹೋಗುತ್ತದೆ. ಆ ಟೀಮ್‌ಗೆ ರೈಟ್ ಪರ್ಮಿಷನ್, ಅಂದರೆ ಕೋಡ್ ತಿದ್ದುವ ಅನುಮತಿ, ಇರಲೇಬೇಕು.

ಪಬ್ಲಿಕ್ ರೆಪೊಗಳಿಗೆ (ರೆಪೊ ಅಂದರೆ ಪ್ರಾಜೆಕ್ಟ್‌ನ ಕೋಡ್ ಇಡುವ ಜಾಗ) ಇದು ಉಚಿತ, ಪ್ರೈವೇಟ್ ಆದರೆ ದುಡ್ಡು ಕೊಡುವ ಪ್ಲಾನ್ ಬೇಕು. ಮೂರ್ನಾಲ್ಕು ಜನರ ತಂಡಕ್ಕೆ ಸುಮ್ನೆ ಅದಕ್ಕಾಗಿಯೇ ಖರ್ಚು ಮಾಡಬೇಡಿ. ಎರಡು ಮೂರು ತಂಡ ಸೇರಿ ಒಂದೇ ರೆಪೊದಲ್ಲಿ ಕೆಲಸ ಮಾಡುತ್ತಿದ್ದರೆ ಖಂಡಿತ ಹಾಕಿಕೊಳ್ಳಿ, ಮತ್ತು ಆ ಫೈಲ್‌ಗೂ ಒಬ್ಬ ಓನರ್ ಇರಲಿ.