ಕಾರವಾರದ ಮೇಳದಲ್ಲಿ ‘ಕಲ್ಲಾದ ಮರ’ ಕೊಳ್ಳುವ ಮೊದಲು ಇದನ್ನು ಓದಿ

ಕಾರವಾರದ ಬೀಚ್ ಹತ್ತಿರ ಮೇಳ ಹಾಕಿದಾಗ ಒಬ್ಬ ‘ಕಲ್ಲಾದ ಮರ’ ಮಾರಲು ಬರುತ್ತಾನೆ. ದಯವಿಟ್ಟು ಅವನ ಹತ್ತಿರ ಏನೂ ಕೊಳ್ಳಬೇಡಿ. ನನ್ನಿಂದ ಆರು ಸಾವಿರ ರೂಪಾಯಿ ಕಿತ್ತುಕೊಂಡ. ಕೊಟ್ಟಿದ್ದು ಬಣ್ಣ ಬಳಿದ ಬಳಪದ ಕಲ್ಲು!

ನಾನು ಶಿರಸಿಯವನು. ಬಿಡುವಿದ್ದಾಗ ಬಳಪದ ಕಲ್ಲು ಕೆತ್ತುತ್ತೇನೆ. ಗಣಪತಿ, ಆಮೆ, ಸಣ್ಣ ದೀಪ, ಇಂಥವು. ಕಲ್ಲಾದ ಮರದ ಒಂದು ತುಂಡು ಬೇಕು ಅನ್ನೋದು ಬಹಳ ಕಾಲದ ಆಸೆ. ಮಣ್ಣಲ್ಲಿ ಹೂತ ಮರದ ನಾರಿನ ಜಾಗಕ್ಕೆ ನೀರಲ್ಲಿ ಕರಗಿದ ಸಿಲಿಕಾ ಬಂದು ಕೂತು, ಇಡೀ ಮರ ಕಲ್ಲಾಗಿರುತ್ತೆ. ಎಷ್ಟೋ ಸಲ ಉಂಗುರಗಳೂ ಹಾಗೇ ಉಳಿದಿರುತ್ತವೆ. ಯಾರಿಗೆ ಆಸೆ ಆಗಲ್ಲ ಹೇಳಿ?

ಅವನು ತೋರಿಸಿದ್ದು ಅಂಗೈ ಅಗಲದ ತುಂಡು. ಕಂದು ಉಂಗುರ, ಅಂಚಲ್ಲಿ ತೊಗಟೆಯಂಥ ಒರಟು, ಮೇಲೆ ದಪ್ಪ ವಾರ್ನಿಶ್. ತೂಕ ಇತ್ತು, ಮುಟ್ಟಿದರೆ ತಣ್ಣಗಿತ್ತು. “ತಮಿಳುನಾಡಿನ ತಿರುವಕ್ಕರೈದು ಹೆಗಡೇರೇ, ಎರಡು ಕೋಟಿ ವರ್ಷ ಹಳೇದು” ಅಂದ. ಮೊಳೆಯಿಂದ ಒಂದು ಗೀರು ಹಾಕಿ ನೋಡ್ತೇನೆ ಅಂದೆ. “ಪಾಲಿಶ್ ಹಾಳಾಗುತ್ತೆ” ಅಂತ ನನ್ನ ಕೈಯಿಂದ ತಗೊಂಡು ಪೇಪರಲ್ಲಿ ಸುತ್ತೇಬಿಟ್ಟ.

ಇಂಥ ಕಲ್ಲಿಗೆ ಉಳಿ ಸಾಲದು ಅಂತ ಹೊಸ ಡೈಮಂಡ್ ಬ್ಲೇಡ್ ಬೇರೆ ತಂದೆ. ತಾಗಿಸಿದ್ದೇ ತಡ, ಒಳಗೆ ಹೋಗೇಬಿಟ್ಟಿತು. ಬೂದು ಬಣ್ಣದ ಹಿಟ್ಟು ಉದುರಿತು. ಬೆರಳಲ್ಲಿ ಉಜ್ಜಿದರೆ ಜಾರುತ್ತೆ. ಆ ಜಾರಿಕೆ ನನಗೆ ಗೊತ್ತಿಲ್ಲವಾ? ದಿನಾ ಅದೇ ಹಿಟ್ಟಲ್ಲಿ ಕೂತಿರುವವನು ನಾನು! ಕೊಯ್ದ ಮುಖದಲ್ಲಿ ಒಂದೂ ಉಂಗುರ ಇಲ್ಲ. ಉಗುರಿಂದ ಗೀರಿದೆ, ಗೆರೆ ಬಿತ್ತು. ಉಗುರಿಗೆ! ನನ್ನ ಹಿತ್ತಿಲಲ್ಲಿ ರಾಶಿ ಬಿದ್ದಿರುವ ಕಲ್ಲನ್ನೇ ನನಗೆ ಆರು ಸಾವಿರಕ್ಕೆ ಮಾರಿದ್ದ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ನಾಚಿಕೆಯಿಂದ ಮುಖ ಎತ್ತಲು ಆಗಲಿಲ್ಲ.

ಮಾರಿದವನಿಗೇ ಫೋಟೋ ಕಳಿಸಿ ಕೇಳಿದೆ. ಬಂದ ಉತ್ತರ: “ಮರ ಅಲ್ವಾ ಸರ್, ಮೆತ್ತಗೇ ಇರುತ್ತೆ.” ಮರ ಎಲ್ಲಿದೆ ಅದರಲ್ಲಿ! ಉಂಗುರ ಎಲ್ಲಿ ಅಂದೆ. “ಒಳಗಿನ ಉಂಗುರ ಕಾಣಲ್ಲ ಸರ್, ನ್ಯಾಚುರಲ್ ಐಟಂ.” ಹಾಗಾದರೆ ಬಣ್ಣ ಯಾಕೆ ಅಂದೆ. “ಅದು ಪ್ರೊಟೆಕ್ಷನ್‌ಗೆ.” ದುಡ್ಡು ವಾಪಸ್ ಕೊಡಿ ಅಂದಾಗ “ನೀವೇ ಕೊಯ್ದು ಹಾಳು ಮಾಡಿದ್ದೀರಿ, ಹೇಗೆ ತಗೊಳ್ಳಲಿ?” ಅಂತ ನನ್ನ ಮೇಲೇ ತಿರುಗಿದ. ಆಮೇಲೆ ನಂಬರ್ ಬ್ಲಾಕ್. ಮಾರುವಾಗ ಮಾತಿಗೊಮ್ಮೆ ಹೆಗಡೇರೇ, ಹೆಗಡೇರೇ.

ಇನ್ನೊಂದು ವಿಷಯ. ತಿರುವಕ್ಕರೈ ಕಾಪಾಡಿಟ್ಟ ಜಾಗ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಚೂರೂ ತರುವ ಹಾಗಿಲ್ಲ. ಅಲ್ಲಿಯದು ಅಂತ ಯಾರಾದರೂ ಹೇಳಿದರೆ ಒಂದೋ ಸುಳ್ಳು, ಇಲ್ಲಾ ಕಳ್ಳಮಾಲು.

ಕಲ್ಲಿನ ಗಡಸುತನ ಅಳೆಯೋದು ಮೋಸ್ ಅಳತೆಯಲ್ಲಿ, 1 ಅಂದರೆ ತೀರಾ ಮೆತ್ತಗೆ, 10 ಅಂದರೆ ವಜ್ರ. ಸಿಲಿಕಾದಿಂದ ಕಲ್ಲಾದ ಮರದ್ದು 7ರ ಆಸುಪಾಸು, ಬಳಪದ ಕಲ್ಲಿನದು 1ರ ಹತ್ತಿರ. ವ್ಯತ್ಯಾಸ ತಿಳಿಯಲು ಕಬ್ಬಿಣದ ಮೊಳೆ ಸಾಕು. ವಾರ್ನಿಶ್ ಇಲ್ಲದ ಕಡೆ ಗೀರಿ. ಗೆರೆ ಬಿದ್ದರೆ ಅಲ್ಲೇ ಇಟ್ಟು ಬನ್ನಿ. ಗೀರಲು ಬಿಡದಿದ್ದರೂ ಅಲ್ಲೇ ಇಟ್ಟು ಬನ್ನಿ. ಅವನ ಮೇಜಿನ ಮೇಲೆ ಇನ್ನೂ ಹತ್ತಾರು ತುಂಡು ಇದ್ದವು, ಎಲ್ಲದಕ್ಕೂ ಅದೇ ವಾರ್ನಿಶ್.