ಕೆಸರಿಗೆ ಬಿದ್ದರೂ ಕೈಕೊಡದ ಕೋವಿ ಯಾವುದು? ನಾನು ಹೊತ್ತು ನೋಡಿದ ಕೆಲಸದ ರೈಫಲ್‌ಗಳ ಹೋಲಿಕೆ

ಒಂದು ದಿನ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಬೇಲಿ ನೋಡಿಕೊಂಡು ಬರುತ್ತಿದ್ದೆ. ಹಳ್ಳದ ದಂಡೆಯಲ್ಲಿ ಕಾಲು ಜಾರಿತು. ಹೆಗಲಲ್ಲಿದ್ದ ರೈಫಲ್ ಮುಂದಕ್ಕೆ ಜಾರಿ, ನಳಿಗೆಯ ಬಾಯಿ ನೇರವಾಗಿ ಕೆಸರಿಗೆ ಹೊಕ್ಕಿತು. ಪೆಟ್ಟೇನೂ ಆಗಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ರೈಫಲ್ ನನ್ನ ಪಾಲಿಗೆ ಬರೀ ಭಾರದ ಕೋಲು. ಅದು ಎರವಲು ತಂದ ಲಿವರ್ ರೈಫಲ್, ಅಂದರೆ ಕೆಳಗಿರುವ ಲಿವರನ್ನು ತಗ್ಗಿಸಿ ಎತ್ತಿ ಮುಂದಿನ ಗುಂಡು ಹಾಕುವಂಥದ್ದು. ಗುಂಡುಗಳನ್ನೆಲ್ಲ ಹೊರಗೆ ತೆಗೆದೆ. ನಳಿಗೆಯಲ್ಲಿ ಎಷ್ಟು ಆಳಕ್ಕೆ ಮಣ್ಣು ಹೋಗಿದೆ ಅಂತ ಹಿಂದಿನಿಂದ ನೋಡಬೇಕೆಂದರೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಅನ್ನುವ ಲೋಹದ ತುಂಡನ್ನು ತೆಗೆಯಬೇಕು, ಅದಕ್ಕೆ ಸ್ಕ್ರೂಡ್ರೈವರ್ ಬೇಕು. ನನ್ನ ಜೇಬಿನಲ್ಲಿ ಇರಲಿಲ್ಲ. ಮಣ್ಣು ಕಚ್ಚಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆಯೇ ಉಬ್ಬಬಹುದು, ಸೀಳಬಹುದು. ಹಾಗಾಗಿ ಖಾಲಿ ಕೋವಿ ಹೊತ್ತುಕೊಂಡೇ ವಾಪಸ್ ನಡೆದೆ.

ಆ ದಿನದಿಂದ ಕೆಲಸದ ರೈಫಲ್ ನೋಡುವ ನನ್ನ ಕಣ್ಣೇ ಬದಲಾಯಿತು. ಅದಕ್ಕೂ ಮೊದಲು ನೂರು ಮೀಟರಿನಲ್ಲಿ ಐದು ಗುಂಡು ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಅನ್ನೋದೇ ನನಗೆ ದೊಡ್ಡ ವಿಷಯ. ಈಗ ಮೊದಲು ಕೇಳುವ ಪ್ರಶ್ನೆ ಒಂದೇ. ಬಯಲಿನಲ್ಲಿ, ಒದ್ದೆ ಕೈಯಲ್ಲಿ, ಯಾವ ಸಲಕರಣೆಯೂ ಇಲ್ಲದೆ ಇದನ್ನು ಬಿಚ್ಚಿ ನಳಿಗೆಯ ಆಚೆ ಬದಿಯ ಬೆಳಕು ನೋಡೋಕೆ ಆಗುತ್ತಾ? ಈ ಪ್ರಶ್ನೆ ಇಟ್ಟುಕೊಂಡೇ ನಾಲ್ಕು ರೈಫಲ್‌ಗಳನ್ನು ತಿಂಗಳುಗಟ್ಟಲೆ ಹೊತ್ತು ನೋಡಿದೆ. ವಿಂಚೆಸ್ಟರ್ 94, ಮಾರ್ಲಿನ್ 336, ಲೀ-ಎನ್‌ಫೀಲ್ಡ್ ನಂಬರ್ 4, ಟಿಕ್ಕಾ ಟಿ3ಎಕ್ಸ್. ಇವುಗಳ ಜೊತೆಗೆ ಸಣ್ಣ ಕೆಲಸಕ್ಕೆ ರೂಗರ್ 10/22.

ಮೊದಲು ಹೊರುವ ಮಾತು. ಕೆಲಸದ ರೈಫಲ್ಲನ್ನು ಹಾರಿಸುವುದಕ್ಕಿಂತ ಹೊರುವುದೇ ಜಾಸ್ತಿ ಅಲ್ವಾ? ಈ ವಿಷಯದಲ್ಲಿ ವಿಂಚೆಸ್ಟರ್ 94 ಅನ್ನು ಮೀರಿಸುವ ಕೋವಿ ನನಗೆ ಇನ್ನೂ ಸಿಕ್ಕಿಲ್ಲ. ಅಮೆರಿಕದ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ್ದು, 1894ರಲ್ಲಿ ಬಂದದ್ದು. ತೂಕ ಸುಮಾರು 3 ಕೆ.ಜಿ., ಉದ್ದ ಒಂದು ಮೀಟರಿಗಿಂತ ಕಡಿಮೆ. ಪಕ್ಕಗಳು ಚಪ್ಪಟೆ. ಹೊರಗೆ ಚಾಚಿದ ಬೋಲ್ಟ್ ಹಿಡಿಕೆ ಇಲ್ಲ, ಕೆಳಗೆ ಇಳಿಬಿದ್ದ ಮ್ಯಾಗಜೀನ್ (ಗುಂಡು ತುಂಬಿಡುವ ಡಬ್ಬಿ) ಇಲ್ಲ. ತೂಕ ಸಮವಾಗಿ ನಿಲ್ಲುವ ಜಾಗದಲ್ಲಿ ಒಂದೇ ಕೈಯಿಂದ ಹಿಡಿದರೆ ಅಂಗೈ ಪೂರ್ತಿ ಸುತ್ತಿಕೊಳ್ಳುತ್ತದೆ. ಪೊದೆಗಳ ನಡುವೆ ನುಗ್ಗುವಾಗ ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಅಮೆರಿಕದ ಕೋವಿ ಬರಹಗಾರ ಜೆಫ್ ಕೂಪರ್ 1980ರ ದಶಕದಲ್ಲಿ 'ಸ್ಕೌಟ್ ರೈಫಲ್', ಅಂದರೆ ಒಬ್ಬನೇ ಹೊತ್ತು ತಿರುಗಲು ತಕ್ಕ ಹಗುರ ಕೋವಿ ಅನ್ನುವ ಕಲ್ಪನೆ ಮುಂದಿಟ್ಟಾಗ ಒಂದು ಮೀಟರ್ ಉದ್ದ, 3 ಕೆ.ಜಿ. ತೂಕವನ್ನು ಅಳತೆಗೋಲಾಗಿ ಇಟ್ಟಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬೋಲ್ಟ್ ರೈಫಲ್, ಅಂದರೆ ಬೋಲ್ಟಿನ ಹಿಡಿಕೆಯನ್ನೇ ಕೈಯಿಂದ ಎತ್ತಿ ಎಳೆದು ಗುಂಡು ಹಾಕುವಂಥದ್ದು. ಆದರೆ ಆ ಅಳತೆಯನ್ನು ಈ ಹಳೆಯ ಲಿವರ್ ಕೋವಿ ಸುಮಾರು ತೊಂಬತ್ತು ವರ್ಷ ಮೊದಲೇ ಮುಟ್ಟಿತ್ತು.

ನನ್ನ ಪ್ರಶ್ನೆಗೆ ಮಾತ್ರ ವಿಂಚೆಸ್ಟರ್ ಬಳಿ ಉತ್ತರ ಇಲ್ಲ. ಅದರ ಬೋಲ್ಟ್ ತೆಗೆಯಬೇಕಾದರೆ ಸ್ಕ್ರೂ, ಪಿನ್ನು ಅಂತ ಒಂದಷ್ಟು ಭಾಗ ಬಿಚ್ಚಬೇಕು. ಬಯಲಲ್ಲಿ ಮಾಡುವ ಕೆಲಸವಲ್ಲ ಅದು. ಆದ್ದರಿಂದ ಹೆಚ್ಚಿನವರು ಬಾಯಿಯ ಕಡೆಯಿಂದಲೇ ರಾಡ್ ಹಾಕಿ ಶುಚಿ ಮಾಡುತ್ತಾರೆ. ನಳಿಗೆಯ ತುದಿಯ ಅಂಚು ಗುರಿಗೆ ತುಂಬಾ ಮುಖ್ಯ. ರಾಡ್ ಉಜ್ಜಿ ಉಜ್ಜಿ ಆ ಅಂಚು ಸವೆಯುತ್ತದೆ.

ಮಾರ್ಲಿನ್ 336 ಇಲ್ಲೇ ಒಂದು ಹೆಜ್ಜೆ ಮುಂದೆ. 1948ರಲ್ಲಿ ಬಂದ ಮಾದರಿ, ವಿಂಚೆಸ್ಟರಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಭಾರ. ಲಿವರಿನ ಒಂದೇ ಒಂದು ಸ್ಕ್ರೂ ತೆಗೆದರೆ ಲಿವರ್ ಕೈಗೆ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರುತ್ತದೆ. ಆಮೇಲೆ ಹಿಂದಿನಿಂದಲೇ ನಳಿಗೆ ಶುಚಿ ಮಾಡಬಹುದು. ಒಂದು ಎಚ್ಚರಿಕೆ. ಬೋಲ್ಟ್ ಹೊರಗೆ ಬಂದ ಮೇಲೆ ಎಜೆಕ್ಟರ್ ಅನ್ನುವ ಚಿಕ್ಕ ತುಂಡು ಒಳಗೆ ಸಡಿಲವಾಗಿ ಇರುತ್ತದೆ. ಹುಲ್ಲಿನ ಮೇಲೆ ಬಿದ್ದರೆ ಹುಡುಕೋದು ಕಷ್ಟ. ಕೆಳಗೆ ಒಂದು ಬಟ್ಟೆ ಹಾಸಿಕೊಂಡೇ ಬಿಚ್ಚಿ.

ಹಾರಿಸಿದ ಗುಂಡಿನ ಖಾಲಿ ಕೊಳವೆಗಳು ಪಕ್ಕಕ್ಕೆ ಹಾರುವುದರಿಂದ ಮಾರ್ಲಿನ್ನಿನ ಮೇಲ್ಭಾಗ ಮುಚ್ಚಿದೆ. ಮಳೆ ನೀರು, ತರಗೆಲೆ ನೇರ ಒಳಗೆ ಬೀಳುವುದಿಲ್ಲ, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವುದೂ ಸಲೀಸು. ಹಳೆಯ ವಿಂಚೆಸ್ಟರ್ 94ರಲ್ಲಿ ಖಾಲಿ ಕೊಳವೆ ಮೇಲಕ್ಕೇ ಹಾರುತ್ತದೆ, ನಡುವೆ ಸ್ಕೋಪ್ ಇಡೋಕೆ ಆಗಲ್ಲ. 1980ರ ದಶಕದಲ್ಲಿ ಅದನ್ನು ಓರೆಯಾಗಿ ಹಾರುವಂತೆ ಬದಲಿಸಿದರು.

ಎರಡಕ್ಕೂ ಸಾಮಾನ್ಯವಾಗಿ ಹೊಂದುವ ಗುಂಡು .30-30 ಅನ್ನುವ ಅಳತೆಯದು. ಸುಮಾರು 11 ಗ್ರಾಂ ತೂಕದ ಗುಂಡು ಸೆಕೆಂಡಿಗೆ 670 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. ಈ ಕೋವಿಗಳ ಮ್ಯಾಗಜೀನ್ ನಳಿಗೆಯ ಕೆಳಗಿರುವ ಉದ್ದ ಕೊಳವೆ. ಅದರಲ್ಲಿ ಗುಂಡುಗಳು ಒಂದರ ಹಿಂದೆ ಒಂದು ಕೂರುತ್ತವೆ, ಹಿಂದಿನದರ ಮೂತಿ ಮುಂದಿನದರ ಕ್ಯಾಪಿಗೆ, ಅಂದರೆ ಪೆಟ್ಟು ಬಿದ್ದರೆ ಸಿಡಿಯುವ ಭಾಗಕ್ಕೆ, ತಾಗಿರುತ್ತದೆ. ಅದಕ್ಕೇ ಚೂಪಾದ ಗಟ್ಟಿ ಮೂತಿಯ ಗುಂಡು ಇದರಲ್ಲಿ ಹಾಕಲೇಬಾರದು. ಚಪ್ಪಟೆ ಮೂತಿಯದೋ ಮೆತ್ತನೆ ತುದಿಯದೋ ಆಗಬೇಕು. ಚಪ್ಪಟೆ ಮೂತಿಗೆ ಗಾಳಿ ಜಾಸ್ತಿ ತಡೆಯುತ್ತದೆ, 150 ಮೀಟರ್ ದಾಟಿದ ಮೇಲೆ ಗುಂಡು ಬೇಗ ಕೆಳಗಿಳಿಯುತ್ತದೆ. ನನಗಿದು ದೊಡ್ಡ ಕೊರತೆ ಅನ್ನಿಸಲಿಲ್ಲ. ನಾನು ಮಾಡುವ ಕೆಲಸದಲ್ಲಿ ನೂರು ಮೀಟರ್ ಆಚೆಗೆ ಗುರಿ ಇಟ್ಟದ್ದೇ ಅಪರೂಪ.

ಈಗ ಬೋಲ್ಟ್ ರೈಫಲ್‌ಗಳ ಕಡೆ ಬರೋಣ. ಲೀ-ಎನ್‌ಫೀಲ್ಡ್ ನಂಬರ್ 4 ಕೈಗೆ ತೆಗೆದುಕೊಂಡರೆ ಮೊದಲು ಗೊತ್ತಾಗುವುದು ಭಾರ. 4 ಕೆ.ಜಿ.ಗೂ ಜಾಸ್ತಿ, ಉದ್ದ 1.13 ಮೀಟರ್. ಸಂಜೆ ಹೊತ್ತಿಗೆ ಹೆಗಲು ಪಟ್ಟಿಯ ಗುರುತನ್ನು ಮರೆಯಲ್ಲ. ಆದರೆ ಇದನ್ನು ಮಾಡಿದವರು ಕೆಸರು ಏನು ಅಂತ ಬಲ್ಲವರು. ಬೋಲ್ಟ್ ತಲೆಯನ್ನು ಅದರ ಹಳಿಯಿಂದ ಬಿಡಿಸಿ ಮೇಲೆ ತಿರುಗಿಸಿದರೆ ಬೋಲ್ಟ್ ಪೂರ್ತಿ ಕೈಗೆ ಬರುತ್ತದೆ. ಸಲಕರಣೆ ಬೇಡ. ಹಿಂಭಾಗದ ಲೋಹದ ತಟ್ಟೆಯಲ್ಲಿ ಒಂದು ಪುಟ್ಟ ಬಾಗಿಲಿದೆ. ಅದರೊಳಗೆ ಎಣ್ಣೆ ಬಾಟಲಿ, ಜೊತೆಗೆ ನಳಿಗೆಯೊಳಗೆ ಇಳಿಬಿಟ್ಟು ಎಳೆಯುವ ಹಗ್ಗ. ಶುಚಿ ಮಾಡುವ ಸಾಮಾನು ಕೋವಿಯ ಹೊಟ್ಟೆಯಲ್ಲೇ ಇದೆ! ಮೊದಲ ಸಲ ಆ ಬಾಗಿಲು ತೆರೆದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಹಳ್ಳದ ದಂಡೆಯಲ್ಲಿ ನನಗೆ ಬೇಕಾಗಿದ್ದದ್ದು ಅದೇ.

ಬೋಲ್ಟ್ ಕೇವಲ 60 ಡಿಗ್ರಿ ಎತ್ತಿದರೆ ಸಾಕು. ರೈಫಲ್ಲನ್ನು ಹೆಗಲಿನಿಂದ ಇಳಿಸದೆ ಮುಂದಿನ ಗುಂಡು ಹಾಕಬಹುದು. ಮ್ಯಾಗಜೀನಿನಲ್ಲಿ 10 ಗುಂಡು ಹಿಡಿಸುತ್ತವೆ. ಗುರಿ ನೋಡುವ ಹಿಂದಿನ ಸೈಟ್ ಒಂದು ರಂಧ್ರ. ಮಳೆಹನಿ ಕೂತರೆ ಉಫ್ ಅಂತ ಊದಿದರೆ ಮುಗೀತು. ಹಳೆಯ ನಂಬರ್ 4 ಕೊಳ್ಳುವವರು ಬೋಲ್ಟ್ ಮೇಲಿನ ಸಂಖ್ಯೆ ಮತ್ತು ರೈಫಲ್ ಮೇಲಿನ ಸಂಖ್ಯೆ ಒಂದೇ ಇದೆಯಾ ಅಂತ ತಪ್ಪದೆ ನೋಡಿ. ಬೇರೆ ಕೋವಿಯ ಬೋಲ್ಟ್ ಆಗಿದ್ದರೆ ಬಲ್ಲವರಿಂದ ಅಳತೆ ಪರೀಕ್ಷೆ ಮಾಡಿಸದೆ ಹಾರಿಸಬೇಡಿ.

ಇದರ ಕಷ್ಟ ಇರುವುದು ಮರದಲ್ಲಿ. ಸೈನ್ಯದ ರೂಪದಲ್ಲೇ ಉಳಿದಿರುವ ನಂಬರ್ 4ರಲ್ಲಿ ಮರ ನಳಿಗೆಯ ತುದಿಯ ಹತ್ತಿರದವರೆಗೂ ಹೋಗುತ್ತದೆ. ದಿನಗಟ್ಟಲೆ ತೇವ ಕುಡಿದರೆ ಮರ ಉಬ್ಬುತ್ತದೆ, ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ, ಗುಂಡು ಬೀಳುವ ಜಾಗ ಸರಿಯುತ್ತದೆ. ಒಳಮೈಗೂ ಎಣ್ಣೆ ಕುಡಿಸಿಟ್ಟರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಟಿಕ್ಕಾ ಟಿ3ಎಕ್ಸ್‌ನಲ್ಲಿ ಈ ಕಾಟ ಇಲ್ಲ. ನಾನು ಹೊತ್ತದ್ದು ಸ್ಟೇನ್‌ಲೆಸ್ ಉಕ್ಕಿನ ನಳಿಗೆ, ಪ್ಲಾಸ್ಟಿಕ್ ಹಿಡಿ ಇರುವ ಹಗುರ ಮಾದರಿ, .308 ಗುಂಡಿನದು. ಸ್ಕೋಪ್ ಬಿಟ್ಟು 3 ಕೆ.ಜಿ. ಒಳಗೆ. ಹಿಡಿ ನೀರು ಕುಡಿಯುವುದಿಲ್ಲ, ನಳಿಗೆ ಹಿಡಿಗೆ ತಾಗದೆ ನಿಂತಿದೆ, ಹಾಗಾಗಿ ಒಮ್ಮೆ ಕೂರಿಸಿದ ಗುರಿ ಅಲ್ಲೇ ಇರುತ್ತದೆ. ಎಡಬದಿಯ ಗುಂಡಿ ಒತ್ತಿ ಎಳೆದರೆ ಬೋಲ್ಟ್ ಹೊರಗೆ. ಕಣ್ಣು ಮುಚ್ಚಿಕೊಂಡು ಮಾಡಿ ನೋಡಿದೆ, ಮೂರು ಎಣಿಸುವಷ್ಟರಲ್ಲಿ ಬೆಳಕು ಕಾಣುವಂತಾಯಿತು. ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯುವುದೇ ಇಲ್ಲ ಅಂತ ಅಲ್ಲ, ನಿಧಾನವಾಗಿ ಹಿಡಿಯುತ್ತದೆ. ಒರೆಸುವ ಕೆಲಸ ಇದ್ದೇ ಇದೆ.

ಇದರ ಮೇಲೆ ನನಗಿರುವ ತಕರಾರು ಎರಡು. ಮ್ಯಾಗಜೀನ್ ಪ್ಲಾಸ್ಟಿಕ್ಕಿನದು, ಹಗುರ ಮಾದರಿಯ ಜೊತೆ ಬರುವುದರಲ್ಲಿ ಹಿಡಿಸುವುದು ಮೂರೇ ಗುಂಡು. ಅದು ಎಲ್ಲಾದರೂ ಕಳೆದುಹೋದರೆ ಒಂದೊಂದೇ ಗುಂಡು ಕೈಯಲ್ಲಿ ಹಾಕಬೇಕು. ಇನ್ನೊಂದು ಒದೆತ. ಇಷ್ಟು ಹಗುರ ಕೋವಿಯಲ್ಲಿ .308 ಹೆಗಲಿಗೆ ಚೆನ್ನಾಗಿಯೇ ಗುದ್ದುತ್ತದೆ.

ಕೆನಡಿಯನ್ ರೇಂಜರ್ಸ್ ಅನ್ನುವ ಪಡೆ ಇದೆ. ಉತ್ತರದ ಹಿಮದ ನಾಡಿನಲ್ಲಿ ಗಸ್ತು ತಿರುಗುವವರು. 1947ರಲ್ಲಿ ಶುರುವಾದ ಆ ಪಡೆ ದಶಕಗಳ ಕಾಲ ಹೊತ್ತದ್ದು ಇದೇ ಲೀ-ಎನ್‌ಫೀಲ್ಡ್ ನಂಬರ್ 4. ಕೊನೆಗೆ ಬದಲಿಸಿದಾಗ ಆರಿಸಿಕೊಂಡದ್ದು ಟಿ3ಎಕ್ಸ್ ಆಧಾರದ ಮೇಲೆ ಮಾಡಿದ ಸಿ19. ಬೋಲ್ಟ್ ಬಿಟ್ಟು ಇನ್ನೊಂದಕ್ಕೆ ಹೋಗಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿಯ ಮೇಲೆ ತಿರುಗುವ ಡೆನ್ಮಾರ್ಕಿನ ಸಿರಿಯಸ್ ಗಸ್ತಿನವರು ಹಿಮಕರಡಿಯಿಂದ ಕಾಪಾಡಿಕೊಳ್ಳಲು ಎಂ1917 ಅನ್ನುವ ಮೊದಲ ಮಹಾಯುದ್ಧದ ಕಾಲದ ಬೋಲ್ಟ್ ರೈಫಲ್ಲನ್ನೇ ನೆಚ್ಚಿಕೊಂಡವರು. ಅಂಥ ಚಳಿಯಲ್ಲಿ ಎಣ್ಣೆಯೇ ಗಟ್ಟಿಯಾಗಿ ಬೋಲ್ಟ್ ಹಿಡಿದುಕೊಳ್ಳುತ್ತದೆ, ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಬಿಚ್ಚೋಕೆ ಸುಲಭ ಇದ್ದರೆ ಒರೆಸೋಕೂ ಸುಲಭ.

ರೂಗರ್ 10/22 ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1964ರಿಂದ ಬರುತ್ತಿದೆ, .22 ಗುಂಡು, ಸುಮಾರು 2.3 ಕೆ.ಜಿ. ಹತ್ತು ಗುಂಡಿನ ತಿರುಗುವ ಮ್ಯಾಗಜೀನ್ ಹಿಡಿಯೊಳಗೇ ಅಡಗಿ ಕೂರುತ್ತದೆ, ಹೊರುವಾಗ ಕೈಗೆ ಚುಚ್ಚುವುದಿಲ್ಲ. ದಿನವಿಡೀ ಹೊತ್ತರೂ ಗೊತ್ತಾಗಲ್ಲ. ಆದರೆ ಸಣ್ಣ ಪ್ರಾಣಿಗಿಂತ ದೊಡ್ಡದರ ಎದುರು ಇದನ್ನು ನಂಬಿಕೊಂಡು ನಿಲ್ಲಬಾರದು. ಕೆಸರು ಹೊಕ್ಕರೆ ಇದೂ ಸುಲಭಕ್ಕೆ ಬಿಚ್ಚುವ ಜಾತಿ ಅಲ್ಲ.

ನನ್ನ ಆಯ್ಕೆ ಟಿಕ್ಕಾ. ಮನಸ್ಸು ವಿಂಚೆಸ್ಟರ್ ಕಡೆ ಎಳೆಯುತ್ತದೆ, ಅದು ಕೈಯಲ್ಲಿ ಕೂರುವ ಸುಖ ಟಿಕ್ಕಾಗೆ ಬರಲ್ಲ. ಆದರೂ ಮೋಡ ಕಟ್ಟಿದ ದಿನ ನನ್ನ ಕೈ ಹೋಗುವುದು ಟಿಕ್ಕಾ ಕಡೆಗೇ. ಹೆಗಲಿಗೆ ಏರಿಸುವ ಮುಂಚೆ ನಳಿಗೆಯ ಬಾಯಿಗೆ ಒಂದು ಸುತ್ತು ತೆಳುವಾದ ಇನ್ಸುಲೇಷನ್ ಟೇಪ್ ಹಚ್ಚುತ್ತೇನೆ, ಮಳೆ ನೀರು ಒಳಗಿಳಿಯದಿರಲಿ ಅಂತ. ಜೇಬಿನಲ್ಲಿ ಇನ್ನೊಂದು ಮ್ಯಾಗಜೀನ್, ಎಳೆಯುವ ಹಗ್ಗ. ಒಣ ದಿನಗಳಲ್ಲಿ, ದಟ್ಟ ಪೊದೆಯ ಕಡೆ ಹೋಗುವುದಿದ್ದರೆ ಮಾರ್ಲಿನ್. ಅದರ ಸ್ಕ್ರೂಗೆ ಸರಿಯಾಗಿ ಕೂರುವ ಪುಟ್ಟ ಸ್ಕ್ರೂಡ್ರೈವರ್ ಒಂದನ್ನು ಹುಡುಕಿ ಪಟ್ಟಿಗೇ ಬಿಗಿಯಾಗಿ ಕಟ್ಟಿಬಿಟ್ಟಿದ್ದೇನೆ.