ಮೆಲ್ಬರ್ನ್‌ನ ಮೂರು ಪೇರೆಂಟಿಂಗ್ ಗುಂಪುಗಳು: ಸೇರಿ ನೋಡಿದ ಮೇಲೆ ಮಾಡಿದ ಹೋಲಿಕೆ

ಮೆಲ್ಬರ್ನ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳಿರುವವರು ತಾಯಿ-ಮಗು ಆರೋಗ್ಯ ಕೇಂದ್ರಕ್ಕೆ ಹೋಗಿ, ಮಗು ಹಠ ಮಾಡುತ್ತದೆ, ರಾತ್ರಿ ಮಲಗುವುದಿಲ್ಲ, ಚೈಲ್ಡ್‌ಕೇರ್‌ನಲ್ಲಿ ಬಿಟ್ಟು ಬರುವಾಗ ಕಾಲು ಹಿಡಿದುಕೊಂಡು ಅಳುತ್ತದೆ ಎಂದು ಹೇಳಿಕೊಂಡರೆ, ಅಲ್ಲಿನ ನರ್ಸ್ ಸೂಚಿಸುವ ಗುಂಪುಗಳ ಪೈಕಿ ಮೂರು ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಸರ್ಕಲ್ ಆಫ್ ಸೆಕ್ಯೂರಿಟಿ ಪೇರೆಂಟಿಂಗ್, ಟ್ಯೂನಿಂಗ್ ಇನ್ ಟು ಕಿಡ್ಸ್ ಮತ್ತು ಟ್ರಿಪಲ್ ಪಿ (ಪಾಸಿಟಿವ್ ಪೇರೆಂಟಿಂಗ್ ಪ್ರೋಗ್ರಾಮ್). ಮಗಳೂ ಮಗನೂ ಚಿಕ್ಕವರಿದ್ದ ವರ್ಷಗಳಲ್ಲಿ ನಾನು ಈ ಮೂರಕ್ಕೂ ಸೇರಿದ್ದೆ. ಕೊನೆಯದಕ್ಕೆ ನನ್ನ ಪತಿಯೂ ಬಂದಿದ್ದರು. ಮೂರೂ ಒಳ್ಳೆಯವೇ, ಯಾವುದಕ್ಕಾದರೂ ಸೇರಿ ಎಂದು ಹೇಳಿಬಿಡುವುದು ಸುಲಭ, ಆದರೆ ಅದು ನಿಜವಲ್ಲ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ, ಮತ್ತು ಒಂದೆರಡು ಕಡೆ ಪರಸ್ಪರ ವಿರುದ್ಧವಾಗಿಯೂ ಮಾತನಾಡುತ್ತವೆ.

ಹುಟ್ಟಿನಿಂದಲೇ ಅಟ್ಯಾಚ್‌ಮೆಂಟ್ ಸಿದ್ಧಾಂತದ ಮೇಲೆ ನಿಂತಿರುವುದು ಇವುಗಳಲ್ಲಿ ಮೊದಲನೆಯದಾದ ಸರ್ಕಲ್ ಮಾತ್ರ. ಮಗು ಮತ್ತು ಅದನ್ನು ನೋಡಿಕೊಳ್ಳುವವರ ನಡುವಿನ ಬಾಂಧವ್ಯದ ಬಗ್ಗೆ ಜಾನ್ ಬೌಲ್ಬಿ ಮತ್ತು ಮೇರಿ ಏನ್ಸ್‌ವರ್ತ್ ಮಾಡಿದ ಕೆಲಸವನ್ನು ಸಾಮಾನ್ಯ ತಂದೆತಾಯಿಗಳಿಗೆ ಅರ್ಥವಾಗುವ ಒಂದು ಚಿತ್ರಕ್ಕೆ ಇಳಿಸಿದವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಚಿಕಿತ್ಸಕರಾದ ಗ್ಲೆನ್ ಕೂಪರ್, ಕೆಂಟ್ ಹಾಫ್‌ಮನ್ ಮತ್ತು ಬರ್ಟ್ ಪವೆಲ್. ಮೊದಲು ಅದು 20 ವಾರಗಳ ಗುಂಪು ಚಿಕಿತ್ಸೆಯಾಗಿತ್ತು. ಪ್ರತಿ ತಾಯಿಯೂ ತನ್ನ ಮಗುವಿನೊಡನೆ ಇರುವ ವಿಡಿಯೊವನ್ನೇ ಗುಂಪಿನ ಮುಂದೆ ನೋಡಬೇಕಾಗಿತ್ತು. ಈಗ ಎಲ್ಲೆಡೆ ನಡೆಯುವುದು ಅದರ ಸಂಕ್ಷಿಪ್ತ ರೂಪ: ಎಂಟು ಅಧ್ಯಾಯಗಳ ಸಿದ್ಧ ವಿಡಿಯೊ, ಅದನ್ನು ನಡುನಡುವೆ ನಿಲ್ಲಿಸಿ ಮಾತನಾಡಿಸುವ ಒಬ್ಬ ನಡೆಸುವವರು. ಚಿತ್ರದಲ್ಲಿ ಎಡಬದಿಗೆ ಮಗುವನ್ನು ನೋಡಿಕೊಳ್ಳುವವರ ಎರಡು ಕೈಗಳಿವೆ. ಅವುಗಳಿಂದ ಹೊರಟ ವೃತ್ತದ ಮೇಲರ್ಧ ಮಗು ಲೋಕವನ್ನು ನೋಡಲು ಹೊರಡುವ ದಾರಿ. ಕೆಳಗಿನ ಅರ್ಧ ದಣಿದೋ ಹೆದರಿಯೋ ಮರಳಿ ಬರುವ ದಾರಿ. ಎಂಟು ವಾರವೂ ಮಾತು ಈ ಚಿತ್ರದ ಸುತ್ತಲೇ ನಡೆಯುತ್ತದೆ.

ಇಷ್ಟು ಸರಳವಾದ ಚಿತ್ರದಿಂದ ಏನಾದೀತು ಎಂಬ ಸಂಶಯ ನನಗಿತ್ತು. ಅದು ಹೋದದ್ದು ವೃತ್ತದ ಯಾವ ಅರ್ಧ ನಿಮಗೆ ಕಷ್ಟ ಎಂದು ಕೇಳಿದಾಗ. ಗುಂಪಿನಲ್ಲಿದ್ದ ಆಸ್ಟ್ರೇಲಿಯನ್ ತಾಯಂದಿರಲ್ಲಿ ಹಲವರು ಕೆಳಗಿನ ಅರ್ಧ ಎಂದರು. ಮಗು ಅಳುತ್ತಾ ಬಂದು ತೊಡೆ ಏರಿದರೆ ಅವರಿಗೆ ಉಸಿರು ಕಟ್ಟಿದಂತಾಗುತ್ತದಂತೆ. ನನಗೆ ಎತ್ತಿಕೊಳ್ಳುವುದು, ಕೈತುತ್ತು ಕೊಡುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಂದೂ ಭಾರವೆನಿಸಿರಲಿಲ್ಲ. ಆದರೆ ಮಗಳು ಪಾರ್ಕಿನಲ್ಲಿ ಏಣಿಯ ಎರಡನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ‘ಬೀಳ್ತೀಯ, ಇಳಿ’ ಎಂಬ ಮಾತು ನನ್ನ ಬಾಯಿಂದ ಬಂದಿರುತ್ತಿತ್ತು. ಆರನೆಯ ಅಧ್ಯಾಯದ ವೇಳೆಗೆ ನಮ್ಮ ನಮ್ಮ ಬಾಲ್ಯದ ಕಡೆಗೆ ಮಾತು ತಿರುಗುತ್ತದೆ. ಅಲ್ಲಿ ತೋರಿಸುವ ಒಂದು ತುಣುಕಿನಲ್ಲಿ ಸಮುದ್ರದ ಕಡೆಗೆ ಹೋಗುವ ಕಾಲುದಾರಿಯೊಂದನ್ನು ಮೊದಲು ಮೆಲುವಾದ ಸಂಗೀತದೊಡನೆ, ಬಳಿಕ ಭಯ ಹುಟ್ಟಿಸುವ ಸಂಗೀತದೊಡನೆ ತೋರಿಸುತ್ತಾರೆ. ದೃಶ್ಯ ಅದೇ, ಎದೆಬಡಿತ ಮಾತ್ರ ಬೇರೆ. ಇದಕ್ಕೆ ಅವರು ಇಟ್ಟ ಹೆಸರು ಶಾರ್ಕ್ ಮ್ಯೂಸಿಕ್. ನನ್ನ ಅಜ್ಜಿಯ ಮನೆಯ ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿಯಿತ್ತು, ಅತ್ತ ಹೆಜ್ಜೆಯಿಟ್ಟರೆ ಏಟು ಬೀಳುತ್ತಿತ್ತು. ಮೆತ್ತನೆಯ ರಬ್ಬರ್ ಹಾಸಿದ ಮೆಲ್ಬರ್ನ್ ಪಾರ್ಕಿನಲ್ಲಿ ನನ್ನ ಕಿವಿಯಲ್ಲಿ ಬಾರಿಸುತ್ತಿದ್ದುದು ಆ ಬಾವಿಯ ಸಂಗೀತವೆಂದು ಆ ದಿನ ಹೊಳೆಯಿತು. ಉಳಿದೆರಡು ತರಗತಿಗಳಲ್ಲಿ ಇಷ್ಟು ಆಳಕ್ಕೆ ಹೋಗುವ ಕ್ಷಣ ನನಗೆ ಸಿಗಲಿಲ್ಲ.

ಆದರೆ ಈ ಗುಂಪಿನಿಂದ ಮನೆಗೆ ಬಂದ ರಾತ್ರಿ ಒಂಬತ್ತೂವರೆಗೆ ಮಗು ಇನ್ನೂ ಸೋಫಾದ ಮೇಲೆ ಕುಣಿಯುತ್ತಿದ್ದರೆ ಏನು ಮಾಡಬೇಕು ಎಂಬುದಕ್ಕೆ ಇದರಲ್ಲಿ ನೇರವಾದ ಉತ್ತರವಿಲ್ಲ. ಸಾಧ್ಯವಾದಾಗಲೆಲ್ಲ ಮಗುವಿನ ಅಗತ್ಯವನ್ನು ಅನುಸರಿಸಿ, ಅವಶ್ಯವಾದಾಗಲೆಲ್ಲ ನೀವೇ ಮುಂದಾಳತ್ವ ವಹಿಸಿ ಎನ್ನುತ್ತಾರೆ. ಮಾತು ಸರಿ, ಆ ಗಳಿಗೆ ಇದರಲ್ಲಿ ಯಾವುದು ಎಂದು ತಿಳಿಯುವುದೇ ಕಷ್ಟ.

ಟ್ರಿಪಲ್ ಪಿ ಶುರುವಾಗುವುದೇ ಅಲ್ಲಿಂದ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಟ್ ಸ್ಯಾಂಡರ್ಸ್ ರೂಪಿಸಿದ ಈ ಕಾರ್ಯಕ್ರಮದ ಗುಂಪು ರೂಪದಲ್ಲಿ ಎರಡು ಗಂಟೆಗಳ ಐದು ತರಗತಿಗಳೂ ಅವುಗಳ ನಂತರ ಮೂರು ಫೋನ್ ಕರೆಗಳೂ ಇರುತ್ತವೆ. ಮೊದಲ ವಾರವೇ ಮಗುವಿನ ಒಂದು ನಡವಳಿಕೆಯನ್ನು ಆರಿಸಿ, ದಿನಕ್ಕೆಷ್ಟು ಸಲ, ಯಾವಾಗ, ಅದಕ್ಕೆ ಮುಂಚೆ ಏನಾಯಿತು ಎಂದು ಹಾಳೆಯಲ್ಲಿ ಬರೆಯಲು ಹೇಳುತ್ತಾರೆ. ಎಂಜಿನಿಯರ್ ಆದ ನನ್ನ ಪತಿಗೆ ಇದು ಬಹಳ ಹಿಡಿಸಿತು. ಮಗನ ಕಚ್ಚುವ ಅಭ್ಯಾಸ ಹೆಚ್ಚಾಗಿ ಊಟಕ್ಕೆ ಮುಂಚಿನ ಹಸಿವಿನ ಹೊತ್ತಿನಲ್ಲಿ ಬರುತ್ತದೆಂದು ಆ ಹಾಳೆಯಿಂದಲೇ ಗೊತ್ತಾಯಿತು; ಊಟವನ್ನು ಸ್ವಲ್ಪ ಮುಂಚೆ ಬಡಿಸಿದೆವು, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಒಳ್ಳೆಯದನ್ನು ಮಾಡಿದಾಗ ಏನು ಮಾಡಿದನೆಂದು ಹೆಸರಿಸಿ ಹೊಗಳುವುದು, ಮಾತು ಸ್ಪಷ್ಟವಾಗಿ ಒಮ್ಮೆ ಹೇಳುವುದು, ಸಣ್ಣ ಕೀಟಲೆಯನ್ನು ಗಮನಿಸದೆ ಬಿಡುವುದು, ಇವೆಲ್ಲ ಹೇಳಿಕೊಟ್ಟದ್ದನ್ನು ಮರುದಿನವೇ ಮಾಡಿ ನೋಡಬಹುದು. ತರಗತಿ ಮುಗಿದ ಮೇಲೆ ಬರುವ ಆ ಫೋನ್ ಕರೆಗಳಿಗೆ ಸಮನಾದದ್ದು ಉಳಿದೆರಡರಲ್ಲಿ ನನಗೆ ಸಿಗಲಿಲ್ಲ.

ವಿರೋಧ ಎದುರಾದದ್ದು ಟೈಮ್-ಔಟ್ ಬಂದಾಗ. ಮಗು ಸಂಕಟದಲ್ಲಿರುವಾಗ ಜೊತೆಗಿರಿ ಎಂದು ಒಂದು ಗುಂಪಿನಲ್ಲಿ ಕಲಿತ ಮೇಲೆ, ಇನ್ನೊಂದರಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಕೂರಿಸಿ ಎಂದರೆ ಹೇಗೆ? ಟ್ರಿಪಲ್ ಪಿ ಕೂಡ ಪ್ರೀತಿಯ ಸಂಬಂಧವನ್ನೇ ಮೊದಲಿಗೆ ಇಡುತ್ತದೆ, ಟೈಮ್-ಔಟ್ ಅದರ ಹಲವು ಉಪಾಯಗಳಲ್ಲಿ ಒಂದು ಮಾತ್ರ ಎಂಬುದನ್ನು ನ್ಯಾಯವಾಗಿ ಹೇಳಬೇಕು. ನಾವು ಮನೆಯಲ್ಲಿ ಮಾಡಿಕೊಂಡ ತೀರ್ಮಾನ ಇದು: ಬೇಕೆಂದೇ ಮಾಡಿದ ತುಂಟತನಕ್ಕೆ ಟ್ರಿಪಲ್ ಪಿ ದಾರಿ, ಹೆದರಿಕೆಯಿಂದಲೋ ಅಗಲಿಕೆಯಿಂದಲೋ ಬಂದ ಅಳುವಿಗೆ ವೃತ್ತದ ದಾರಿ. ಎರಡು ವರ್ಷದ ಮಗುವಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಬಹುಪಾಲು ಅಸಾಧ್ಯವಾದ್ದರಿಂದ, ಆ ವಯಸ್ಸಿನಲ್ಲಿ ನಾವು ಟೈಮ್-ಔಟ್ ಬಳಸಲೇ ಇಲ್ಲ.

ಟ್ಯೂನಿಂಗ್ ಇನ್ ಟು ಕಿಡ್ಸ್ ಈ ಎರಡರ ನಡುವೆ ನಿಲ್ಲುತ್ತದೆ. ಮೆಲ್ಬರ್ನ್‌ನಲ್ಲಿಯೇ ಸೋಫಿ ಹ್ಯಾವಿಘರ್ಸ್ಟ್ ಮತ್ತು ಆನ್ ಹಾರ್ಲಿ ಬೆಳೆಸಿದ ಈ ಕಾರ್ಯಕ್ರಮ ಆರು ತರಗತಿಗಳದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳಿದ ಐದು ಹೆಜ್ಜೆಗಳೇ ಇದರ ಬೆನ್ನೆಲುಬು. ಮಗುವಿನ ಭಾವನೆಯನ್ನು ಗುರುತಿಸುವುದು, ಅದನ್ನು ಹತ್ತಿರವಾಗಲು ಸಿಕ್ಕ ಅವಕಾಶವೆಂದು ತಿಳಿಯುವುದು, ಒಪ್ಪಿಕೊಂಡು ಕೇಳಿಸಿಕೊಳ್ಳುವುದು, ಹೆಸರಿಟ್ಟು ಹೇಳುವುದು, ಕೊನೆಗೆ ಮಾತ್ರ ಮಿತಿ ಹಾಕಿ ಪರಿಹಾರ ಹುಡುಕುವುದು. ತರಗತಿಯಲ್ಲಿ ಒಬ್ಬರು ಮಗು, ಇನ್ನೊಬ್ಬರು ತಾಯಿಯಾಗಿ ಅಭಿನಯಿಸಬೇಕು. ಮುಜುಗರವಾಗುತ್ತದೆ, ಆದರೆ ನಾಲಿಗೆ ಹೊರಳುವುದು ಹಾಗೆಯೇ. ಮನೆಯಲ್ಲಿ ಇದನ್ನು ಕನ್ನಡದಲ್ಲಿಯೇ ಮಾಡಿದೆವು: ‘ಅಣ್ಣನಿಗೆ ಮೊದಲು ಕೊಟ್ಟೆ ಅಂತ ಬೇಜಾರಾಯ್ತಾ ಪುಟ್ಟಿ?’ ಎಂದರೆ ಅಕ್ಕನ ಮಗಳು ಮೂರು ವರ್ಷದವಳೂ ತಲೆಯಾಡಿಸುತ್ತಾಳೆ. ಮಾತು ಬಂದ ಮಕ್ಕಳಿಗೆ, ಎಂದರೆ ಮೂರೂವರೆ ನಾಲ್ಕರ ಮೇಲೆ, ಇದು ಚೆನ್ನಾಗಿ ಹೊಂದುತ್ತದೆ. ಕೈಗೂಸಿಗೆ ಇದರಲ್ಲಿ ಹೆಚ್ಚೇನೂ ಇಲ್ಲ.

ಪುರಾವೆಯ ಮಾತು ಚುಟುಕಾಗಿ. ಜೂಡ್ ಕ್ಯಾಸಿಡಿ ಮತ್ತು ಸಂಗಡಿಗರು ಅಮೆರಿಕದಲ್ಲಿ 141 ತಾಯಂದಿರೊಡನೆ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎಂಟು ಅಧ್ಯಾಯಗಳ ಸರ್ಕಲ್‌ಗೆ ಸೇರಿದ ತಾಯಂದಿರು ಮಗುವಿನ ಸಂಕಟಕ್ಕೆ ಆಸರೆಯಾಗದಂಥ ರೀತಿಯಲ್ಲಿ ಪ್ರತಿಕ್ರಿಯಿಸುವುದು ಕಡಿಮೆಯಾಗಿತ್ತು. ಆದರೆ ಮಗುವಿನ ಬಾಂಧವ್ಯದ ಭದ್ರತೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಎಂಟು ವಾರದಲ್ಲಿ ಸಂಬಂಧವೇ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟ್ರಿಪಲ್ ಪಿ ಬಗ್ಗೆ ಅಧ್ಯಯನಗಳು ರಾಶಿಯಿವೆ, ಅವುಗಳ ಗುಣಮಟ್ಟದ ಬಗ್ಗೆ ತಕರಾರುಗಳೂ ಇವೆ.

ಇಷ್ಟರ ಮೇಲೆ, ನಮ್ಮಂಥ ಮನೆಗಳಿಗೆ ಮುಖ್ಯವಾದ ಒಂದು ವಿಷಯವನ್ನು ಮೂರು ಗುಂಪುಗಳಲ್ಲಿಯೂ ಯಾರೂ ಎತ್ತಲಿಲ್ಲ. ಅದು ಅಜ್ಜಿ. ಅತ್ತೆಯವರು ಊರಿನಿಂದ ಬಂದು ಆರು ತಿಂಗಳು ಮಗುವಿಗೆ ಎಣ್ಣೆ ಹಚ್ಚಿ, ಉಣ್ಣಿಸಿ, ಮಲಗಿಸಿ, ಒಂದು ದಿನ ವಿಮಾನ ಹತ್ತಿ ಹೊರಟುಬಿಡುತ್ತಾರೆ. ಮಗುವಿಗೆ ಆಶ್ರಯವಾಗಿದ್ದ ಎರಡು ಕೈಗಳು ಒಮ್ಮೆಲೇ ಇಲ್ಲವಾಗುತ್ತವೆ. ಮಗುವಿನ ಬಾಂಧವ್ಯ ಒಬ್ಬರಿಗಿಂತ ಹೆಚ್ಚು ಜನರೊಡನೆ ಬೆಳೆಯಬಲ್ಲದೆಂಬುದು ಏನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ ಕಂಡ ಸಂಗತಿಗಳಲ್ಲಿಯೇ ಇದೆ, ಆದರೂ ನಾನು ಕೂತ ತರಗತಿಗಳಲ್ಲಿ ಉದಾಹರಣೆಗಳೆಲ್ಲ ತಂದೆ ತಾಯಿ ಇಬ್ಬರದೇ. ವೃತ್ತದ ಹಾಳೆಯನ್ನು ನಾನು ಅತ್ತೆಯವರಿಗೆ ತೋರಿಸಿ ವಿವರಿಸಿದಾಗ ಅವರು, ‘ಹಂಗಾರೆ ನಾನು ಹೇಳದೆ ಹೋಗಬಾರದು ಅನ್ನು’ ಎಂದರು. ಮಗ ಮಲಗಿದ್ದಾಗ ಸದ್ದಿಲ್ಲದೆ ಹೊರಡುವ ಯೋಚನೆ ಅವರದಾಗಿತ್ತು. ಬದಲಿಗೆ ಅವನನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೋದೆವು. ತುಂಬ ಅತ್ತ, ಎತ್ತಿಕೊಂಡಿದ್ದೆ. ಟ್ರಿಪಲ್ ಪಿ ಹಾಳೆಯಲ್ಲಿ ಇದನ್ನು ಬರೆಯಲು ಅಂಕಣವಿಲ್ಲ, ಮತ್ತು ನನ್ನ ಮತ ಸರ್ಕಲ್ ಕಡೆಗೆ ವಾಲುವುದಕ್ಕೆ ಇದೇ ದೊಡ್ಡ ಕಾರಣ.

ಸೇರುವವರು ಕಾರ್ಯಕ್ರಮದ ಹೆಸರಿನಷ್ಟೇ ಗುಂಪನ್ನೂ ವಿಚಾರಿಸಬೇಕು. ನಾನು ಹೋದ ಒಂದು ಗುಂಪಿನಲ್ಲಿ ನಡುವೆಯೇ ನಡೆಸುವವರು ಬದಲಾದರು. ಅಲ್ಲಿಂದ ಮುಂದೆ ಯಾರೂ ಮನೆಯ ಮಾತು ಎತ್ತಲಿಲ್ಲ. ಆನ್‌ಲೈನ್‌ನಲ್ಲಿ ನಡೆದದ್ದರಲ್ಲಿ ವಿಷಯಕ್ಕೆ ಕೊರತೆಯಿರಲಿಲ್ಲ, ಆದರೆ ತರಗತಿ ಮುಗಿದ ಮೇಲೆ ಚಹಾ ಹಿಡಿದು ನಿಂತಾಗ ಬರುವ ನಿಜವಾದ ಪ್ರಶ್ನೆಗಳಿಗೆ ಜಾಗವಿರಲಿಲ್ಲ. ಪರಿಚಯದ ಕನ್ನಡದವರೇ ಇರುವ ಗುಂಪು ಬೇಕೆಂದು ಹಲವರು ಕೇಳುತ್ತಾರೆ. ಅತ್ತೆ-ಸೊಸೆಯ ಮಾತು ಮುಂದಿನ ಭಾನುವಾರದ ಸತ್ಯನಾರಾಯಣ ಪೂಜೆಯ ಹೊತ್ತಿಗೆ ಊರೆಲ್ಲ ಹರಡಿರುವ ಸಾಧ್ಯತೆಯನ್ನು ನೆನೆದರೆ, ನನಗಂತೂ ಅಪರಿಚಿತರ ನಡುವೆಯೇ ಬಾಯಿ ಬಿಡುವುದು ಸುಲಭವಾಯಿತು. ಹೆಸರು ಬರೆಸುವ ಮುನ್ನ ಫೋನ್ ಮಾಡಿ, ಕೊನೆಯವರೆಗೆ ಅದೇ ಜನ ಇರುತ್ತಾರೆಯೇ, ತರಗತಿಯ ವೇಳೆ ಮಗುವನ್ನು ಅಲ್ಲಿಯೇ ನೋಡಿಕೊಳ್ಳುವವರಿದ್ದಾರೆಯೇ, ಒಂದು ದಿನವಾದರೂ ಅಜ್ಜಿಯನ್ನು ಕರೆತರಬಹುದೇ ಎಂದು ಕೇಳಿಕೊಳ್ಳಿ.